ಗುಡಿಸಿನ ಝ

ಹದಡಿ ಮುರಿಗೆಪ್ಪ ವಕೀಲರು
ಮಂಡಕ್ಕಿ ಭಟ್ಟಿಗಳ ಹೊಗೆ ಓಣಿಗೆ ಇಳಿಯುವ ಹೊತ್ತಿಗೆ
ಹಿತ್ತಲ ಬಾಗಿಲಿಂದ ಬರುತ್ತಿದ್ದರು ಪ್ರೆಸ್ಸಿಗೆ.
ಕೋಟಿನ ಒಳಜೇಬಲ್ಲಿ ನಾಲ್ಕಾಗಿ ಮಡಿಸಿದ ಹಾಳೆ,
ಇರುವೆ ಶಾಯಿಗೆ ಬಿದ್ದೆದ್ದು ನಡೆದಂಥ ಬರಹ.
'ಬಡೇಸಾಬ, ಕೋಳಿ ಕೂಗೋದರೊಳಗೆ ಇನ್ನೂರು.'

ನಾನು ಮೊಳೆ ಜೋಡಿಸುವವನು.
ಪಿಂಜಾರ ನಮ್ಮಪ್ಪ, ಬಿಲ್ಲು ಮಿಡಿದು ಹತ್ತಿ ಬಿಡಿಸಿದ;
ನಾನು ಸೀಸ ಕೂಡಿಸಿದೆ.
ಓದು ಬಂದದ್ದೇ ತಲೆಕೆಳಗಾಗಿ,
ಕನ್ನಡಿಯೊಳಗಿನ ಮುಖ ಗುರುತಿಸುವ ಹಾಗೆ.

ಆ ರಾತ್ರಿ ಮೊದಲ ಸಾಲಿಗೇ ಎಡವಿದೆ:
ಮ್ಯಾಝಿನಿ.
ಇದೇನು, ಊರೋ, ಔಷಧವೋ,
ಕಾಟನ್ ಮಿಲ್ಲಿಗೆ ಬಂದ ಹೊಸ ಯಂತ್ರವೋ?
'ಮನುಷ್ಯ' ಅಂದರು. 'ಇಟಲಿಯವನು. ಸತ್ತು ಎಪ್ಪತ್ತು ವರ್ಷ.
ಅಲ್ಲೂ ನಮ್ಮ ಹಾಗೇ ಕಣೋ,
ಒಂದೇ ಮಾತು, ಹತ್ತು ಸರ್ಕಾರ,
ಮೇಲೆ ಪರದೇಶದವನ ದಂಡು.'

ಹಿಂದೊಮ್ಮೆ ಹರಿಹರದ ಸೇತುವೆಯ ಮೇಲೆ
ನಿಲ್ಲಿಸಿ ತೋರಿಸಿದ್ದರು:
ಈ ದಡ ಮಹಾರಾಜರದ್ದು, ಆ ದಡ ಮುಂಬಯಿಯದ್ದು.
ನಮ್ಮಕ್ಕನ್ನ ಕೊಟ್ಟದ್ದು ರಾಣೆಬೆನ್ನೂರಿಗೆ.
ಪರರಾಜ್ಯಕ್ಕೆ ಕೊಟ್ಟೆವೆಂದು
ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಈಗ ಕಷ್ಟ ಬಂದದ್ದು ಬೇರೆ.
ನನ್ನ ಕೇಸಿನ ಅಷ್ಟೂ ಮನೆಗಳಲ್ಲಿ
ಗುಡಿಸಿನ ಝ ಇದ್ದದ್ದು ಒಂದೇ ಒಂದು.
ಲಗ್ನಪತ್ರಿಕೆಗೂ ಬೇಡ, ಹರಾಜಿನ ನೋಟೀಸಿಗೂ ಬೇಡ,
ಅಂಚು ಕೂಡ ಸವೆಯದೆ ಹೊಳೆಯುತ್ತಿತ್ತು.
ಹಾಳೆಯಲ್ಲಿ ಆ ಹೆಸರು ಐದು ಸಲ.
ವಕೀಲರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು.
ಒಂದು ಕಡೆ ಇಟ್ಟೆ.
ಉಳಿದ ನಾಲ್ಕೂ ಕಡೆ
'ನಮ್ಮವನು' ಎಂದು ಜೋಡಿಸಿಬಿಟ್ಟೆ.

ಬೆಳಗ್ಗೆ ಓದಿದರು. ಬೈಯಲಿಲ್ಲ.
ಹಸಿ ಶಾಯಿಯ ಮೇಲೆ ಹೆಬ್ಬೆಟ್ಟು ಇಟ್ಟು
ಸುಮಾರು ಹೊತ್ತು ತೆಗೆಯಲೇ ಇಲ್ಲ.

ಮೂರನೆಯ ದಿನ ಪೊಲೀಸರು.
ಇನ್ಸ್‌ಪೆಕ್ಟರು ಬೆರಳಿಟ್ಟು ಓದಿದ;
ಮೊದಲ ಹೆಸರನ್ನು ಊರೆಂದುಕೊಂಡು ದಾಟಿದ.
'ನಮ್ಮವನು ತಲೆಮರೆಸಿಕೊಂಡು ಪತ್ರ ಬರೆದ...
ಯಾರಲೇ ಅವನು? ಯಾವ ಪೇಟೆ?'
ವಾರವಿಡೀ ಚೌಕಿಪೇಟೆಯ ಅಟ್ಟಗಳಲ್ಲಿ,
ಮೆಣಸಿನಕಾಯಿ ಚೀಲಗಳ ಹಿಂದೆ ಸೀನುತ್ತ
ಹುಡುಕಿದರು ಇಟಲಿಯವನನ್ನು.

'ಕೊನೆಗೆ ಅವನಿಗೆ ಏನಾಯ್ತು?'
ಜೈಲಿಂದ ಬಂದ ಮೇಲೆ ಕೇಳಿದೆ.
'ದೇಶ ಒಂದಾಯ್ತು, ದೊರೆಯ ಕೈಗೆ ಹೋಯ್ತು.
ಅವನು ಬೇರೆಯವರ ಹೆಸರು ಹೇಳಿಕೊಂಡು,
ತನ್ನ ನೆಲದಲ್ಲೇ, ಯಾರದೋ ಮನೆಯಲ್ಲಿ ಸತ್ತ.'
ಇದನ್ನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ ವಕೀಲರು.

ನಲವತ್ತೇಳರಲ್ಲಿ ಮತ್ತೆ ಬಂದರು, ಬರಿಗೈಲಿ.
ಸ್ಟೂಲಿನ ಮೇಲೆ ಕೂತು ಅಂದರು:
'ಐರ್ಲೆಂಡಿನವರಿಂದ ಬಹಿಷ್ಕಾರ ಕಲಿತೆವು, ಉಪವಾಸ ಕಲಿತೆವು.
ಆ ದೇಶವನ್ನು ಸೀಳಿ ಕೊಟ್ಟರಲ್ಲ,
ಆ ಪುಟ ಬಂದಾಗ ದೀಪ ಸಣ್ಣಗೆ ಮಾಡಿದೆವೇನೋ.'
ಆ ದಿನಗಳಲ್ಲಿ ನನ್ನ ಹೆಸರು ಕೇಳಿ
ಕೆಲವರು 'ನೀನು ಯಾವ ಕಡೆ' ಅನ್ನುತ್ತಿದ್ದರು.
ರಾಣೆಬೆನ್ನೂರಿನ ಕಡೆ, ಅನ್ನುತ್ತಿದ್ದೆ,
ಅಕ್ಕ ಇದ್ದಾಳೆ.

ಆಮೇಲೆ ಒಂಬತ್ತು ವರ್ಷ ಅವರದ್ದು ಒಂದೇ ಹಾಡು.
ಈ ಊರಲ್ಲಿ ಕೇಳುವವರು ಕಮ್ಮಿ.
'ಇರೋ ಸಂಸ್ಥಾನ ಚೆನ್ನಾಗಿದೆ, ಬಡವರ ಮನೆ ಸಾಲ
ನಮ್ಮ ತಲೆಗೆ ಯಾಕೆ ಕಟ್ಟುತ್ತೀರಿ'
ಎಂದವರು ಅವರ ಸ್ವಂತ ಷಡ್ಡಕರೇ.

ಐವತ್ತಾರರ ಅಕ್ಟೋಬರ್. ಕೊನೆಯ ಕರಪತ್ರ.
ಹುಡುಕಿದೆ, ಪರದೇಶದ ಹೆಸರು ಒಂದೂ ಇಲ್ಲ.
'ಝ ಇನ್ನೂ ಇದೆ' ಅಂದೆ, 'ಸವೆದೇ ಇಲ್ಲ.'
ನಕ್ಕರು: 'ಇಟ್ಟುಕೊ.
ಈಗ ಊರವರು ನನ್ನನ್ನೇ ಆಚೆ ದಡದವನು ಅಂತಾರೆ.'

ನವೆಂಬರ್ ಒಂದು. ಮಧ್ಯಾಹ್ನದ ಬಸ್ಸಿಗೆ
ಅಕ್ಕ ಬಂದಳು, ರೊಟ್ಟಿ ಗಂಟು ಬಗಲಲ್ಲಿ.
ಹೊಳೆ ಹೇಗಿತ್ತು ಅಂದೆ.
'ಹೆಂಗಿರ್ತದ? ಹರೀತಿತ್ತು' ಅಂದಳು,
'ಟಿಕೀಟಿನ ರೊಕ್ಕ ಮಾತ್ರ ಒಂದು ಪೈನೂ ಇಳಿಸಿಲ್ಲ ನೋಡು
ನಿಮ್ಮ ವಕೀಲರು.'